ಓವರ್‌ಸ್ಪೀಡ್ ಚಲನ್ ಬಂದಿದೆ, ದಂಡ ಕಟ್ಟಲೇ ಕೋರ್ಟಿಗೆ ಹೋಗಲೇ? ಪದೇ ಪದೇ ಕೇಳುವ ಪ್ರಶ್ನೆಗಳು

ಮಿತಿ ಮೀರಿದ ವೇಗಕ್ಕೆ ದಂಡ ಎಂದು ಮೊಬೈಲಿಗೆ ಮೆಸೇಜ್ ಬಂದಾಗ ಕೆಲವರು ತಲೆನೋವು ಬೇಡ ಅಂತ ಅಲ್ಲೇ ದುಡ್ಡು ಕಟ್ಟಿಬಿಡುತ್ತಾರೆ. ಇನ್ನು ಕೆಲವರು ಸಿಟ್ಟಿಗೆದ್ದು ಕೋರ್ಟಿನಲ್ಲೇ ನೋಡ್ಕೋತೀನಿ ಎನ್ನುತ್ತಾರೆ. ಇಬ್ಬರೂ ಚಲನ್ ತೆರೆದು ನೋಡಿರುವುದಿಲ್ಲ. ಮೊದಲು ನೋಡಬೇಕಾದದ್ದು ಅದನ್ನೇ. ನೀವು ನಿಜಕ್ಕೂ ಜೋರಾಗಿ ಹೋಗಿದ್ದರೆ ದಂಡ ಕಟ್ಟಿ. ಹೋಗಿಲ್ಲದಿದ್ದರೆ ಮೊತ್ತ ಚಿಕ್ಕದು ಅನ್ನೋ ಒಂದೇ ಕಾರಣಕ್ಕೆ ಕಟ್ಟಬೇಡಿ. ಇದು ನನ್ನ ಅಭಿಪ್ರಾಯ. ಕೆಳಗಿನ ಉತ್ತರಗಳು ನಮ್ಮ ದೇಶದ ಮೋಟಾರು ವಾಹನ ಕಾಯ್ದೆಗೆ ಸಂಬಂಧಿಸಿದವು, ಉದಾಹರಣೆಗಳು ಕರ್ನಾಟಕದವು.

ಮೆಸೇಜ್ ಬಂದ ತಕ್ಷಣ ಏನು ಮಾಡಬೇಕು?

ಅದು ಅಸಲಿ ಚಲನ್ ಹೌದೋ ಅಲ್ಲವೋ ನೋಡಿ. ಚಲನ್ ಹೆಸರಿನಲ್ಲಿ ಮೋಸದ ಮೆಸೇಜುಗಳು ವಾಟ್ಸ್ಆ್ಯಪ್‌ನಲ್ಲಿ ಬೇಕಾದಷ್ಟು ಓಡಾಡುತ್ತಿವೆ. ಜೊತೆಗೊಂದು ಎಪಿಕೆ ಫೈಲ್, ಅಂದರೆ ಫೋನಿನಲ್ಲಿ ಆ್ಯಪ್ ಕೂರಿಸುವ ಫೈಲ್ ಇರುತ್ತದೆ. ಅದನ್ನು ಫೋನಿಗೆ ಹಾಕಿಕೊಂಡರೆ ಬ್ಯಾಂಕಿನ ಓಟಿಪಿ ಕಳ್ಳರ ಕೈಗೆ ಹೋಗುತ್ತದೆ. ಮೆಸೇಜಿನ ಲಿಂಕ್ ಒತ್ತಬೇಡಿ. ನೀವೇ ಪರಿವಾಹನ್ ಇ-ಚಲನ್ ತಾಣಕ್ಕೋ ಪೊಲೀಸರ ಅಧಿಕೃತ ತಾಣಕ್ಕೋ ಹೋಗಿ ಗಾಡಿ ನಂಬರ್ ಹಾಕಿ ಹುಡುಕಿ. ಅಲ್ಲಿ ಏನೂ ಕಾಣದಿದ್ದರೆ ಗಾಬರಿ ಬೇಡ. ಅನುಮಾನ ಉಳಿದರೆ ಸಂಚಾರ ಠಾಣೆಯಲ್ಲಿ ವಿಚಾರಿಸಿ.

ಚಲನ್‌ನಲ್ಲಿ ಏನೇನು ಇರಬೇಕು?

2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 167ಎ ಎಂಬ ಹೊಸ ನಿಯಮ ಸೇರಿತು. ಕ್ಯಾಮೆರಾ ಹಾಕುವ ಚಲನ್‌ನಲ್ಲಿ ಏನಿರಬೇಕು ಎಂದು ಅದು ಬಿಡಿಸಿ ಹೇಳುತ್ತದೆ. ತಪ್ಪು ಮತ್ತು ನಂಬರ್ ಪ್ಲೇಟ್ ಎರಡೂ ಸ್ಪಷ್ಟವಾಗಿ ಕಾಣುವ ಫೋಟೋ ಇರಬೇಕು. ಯಂತ್ರ ಅಳೆದ ವೇಗ, ದಿನಾಂಕ, ಸಮಯ, ಜಾಗ, ಯಾವ ಸೆಕ್ಷನ್ ಮುರಿದಿದ್ದೀರಿ ಎಂಬ ವಿವರ ಇರಬೇಕು. ಇದು ಎಲೆಕ್ಟ್ರಾನಿಕ್ ಸಾಕ್ಷ್ಯ ಆದ್ದರಿಂದ ಹಳೆಯ ಸಾಕ್ಷ್ಯ ಕಾಯ್ದೆಯ ಸೆಕ್ಷನ್ 65ಬಿ ಪ್ರಕಾರ ಪ್ರಮಾಣಪತ್ರವೂ ಬೇಕು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಾಗಿದೆ. ಅದರಲ್ಲಿ ಇದೇ ವಿಷಯ ಸೆಕ್ಷನ್ 63ರಲ್ಲಿದೆ.

ಈಗ ಫೋಟೋವನ್ನು ದೊಡ್ಡದು ಮಾಡಿ ನಿಧಾನವಾಗಿ ನೋಡಿ. ನಂಬರ್ ಒಂದೊಂದೇ ಅಕ್ಷರ ಓದಿ. 8 ಮತ್ತು ಬಿ, 0 ಮತ್ತು ಡಿ, ಎಂ ಮತ್ತು ಎನ್: ಕ್ಯಾಮೆರಾ ಸಾಫ್ಟ್‌ವೇರ್ ಅದಲು ಬದಲು ಮಾಡುವುದು ಇಂಥ ಅಕ್ಷರಗಳನ್ನೇ. ಪ್ಲೇಟಿಗೆ ಕೆಸರು ಮೆತ್ತಿದ್ದರಂತೂ ಹೇಳುವುದೇ ಬೇಡ. ಆಮೇಲೆ ಗಾಡಿಯ ಬಣ್ಣ, ಮಾಡೆಲ್, ಬಂಪರಿನ ಗೀರು, ಹಿಂದಿನ ಗಾಜಿನ ಸ್ಟಿಕ್ಕರ್ ನೋಡಿ. ಫ್ರೇಮಿನಲ್ಲಿ ಇನ್ನೆಷ್ಟು ಗಾಡಿಗಳಿವೆ ಎಣಿಸಿ. ನಿಮ್ಮ ಪಕ್ಕದಲ್ಲೇ ಇನ್ನೊಂದು ಕಾರು ಓವರ್‌ಟೇಕ್ ಮಾಡುತ್ತಿದೆಯಾ? ಅದನ್ನು ಬರೆದಿಟ್ಟುಕೊಳ್ಳಿ. ಸಮಯ ನೋಡಿ, ಆ ಹೊತ್ತಿನಲ್ಲಿ ನೀವು ಎಲ್ಲಿದ್ದಿರಿ ನೆನಪಿಸಿಕೊಳ್ಳಿ. ಟೋಲ್ ಕಟ್ಟಿದ ಮೆಸೇಜ್, ಪೆಟ್ರೋಲ್ ಬಂಕಿನ ಬಿಲ್ ಎಲ್ಲವೂ ಕೆಲಸಕ್ಕೆ ಬರುತ್ತವೆ. ಇಷ್ಟೂ ನೋಡಿದ ಮೇಲೆ ಅರ್ಧ ತೀರ್ಮಾನ ತಾನಾಗಿಯೇ ಆಗಿರುತ್ತದೆ.

ಫೋಟೋದಲ್ಲಿರುವ ಗಾಡಿ ನನ್ನದೇ ಅಲ್ಲ. ಏನು ಮಾಡಲಿ?

ದಂಡ ಕಟ್ಟಬೇಡಿ. ಕಟ್ಟಿದರೆ ಆ ಓಡಾಟ ನಿಮ್ಮದೇ ಅಂತಾಗುತ್ತದೆ.

ನಂಬರ್ ತಪ್ಪಾಗಿ ಓದಿದ್ದರೆ ವಿಷಯ ಸುಲಭ. ಆರ್‌ಸಿ ಪ್ರತಿ, ನಿಮ್ಮ ಗಾಡಿಯ ಮುಂದಿನ, ಹಿಂದಿನ ಫೋಟೋ, ಚಲನ್ ಫೋಟೋ ಸೇರಿಸಿ ಪೊಲೀಸರಿಗೆ ಅರ್ಜಿ ಕೊಡಿ. ಬಹಳಷ್ಟು ಸಲ ಚಲನ್ ಅಲ್ಲೇ ರದ್ದಾಗುತ್ತದೆ, ಕೋರ್ಟಿನ ಮೆಟ್ಟಿಲು ಹತ್ತುವ ಅಗತ್ಯವೇ ಬೀಳುವುದಿಲ್ಲ.

ಆದರೆ ಫೋಟೋದಲ್ಲಿ ನಿಮ್ಮದೇ ನಂಬರ್ ಸ್ಪಷ್ಟವಾಗಿದ್ದು ಗಾಡಿ ಮಾತ್ರ ಬೇರೆ ಆಗಿದ್ದರೆ, ಯಾರೋ ನಿಮ್ಮ ನಂಬರ್ ಹಾಕಿಕೊಂಡು ತಿರುಗುತ್ತಿದ್ದಾರೆ ಅಂತ ಅರ್ಥ. ಚಲನ್ ಆಗ ಸಣ್ಣ ವಿಷಯ. ನಾಳೆ ಆ ಗಾಡಿ ಯಾರಿಗಾದರೂ ಗುದ್ದಿ ಓಡಿಹೋದರೆ ಪೊಲೀಸರು ಬರುವುದು ನಿಮ್ಮ ಮನೆಗೆ. ಅವತ್ತೇ ಠಾಣೆಗೆ ಹೋಗಿ ಲಿಖಿತ ದೂರು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.

ಗಾಡಿ ನನ್ನದೇ, ಆದರೆ ಓಡಿಸಿದ್ದು ನಾನಲ್ಲ. ಆಗ?

ಕ್ಯಾಮೆರಾಕ್ಕೆ ಚಾಲಕ ಯಾರು ಅಂತ ಗೊತ್ತಿರುವುದಿಲ್ಲ, ಆರ್‌ಸಿಯಲ್ಲಿರುವ ಹೆಸರಿಗೆ ನೋಟಿಸ್ ಬರುತ್ತದೆ. ಪೊಲೀಸರು ಕೇಳಿದರೆ ಓಡಿಸಿದವರ ಹೆಸರು, ವಿಳಾಸ ಹೇಳುವುದು ಮಾಲೀಕರ ಕರ್ತವ್ಯ ಎಂದು ಸೆಕ್ಷನ್ 133 ಹೇಳುತ್ತದೆ. ಭಾವ ತೆಗೆದುಕೊಂಡು ಹೋಗಿದ್ದರು, ಹೆಸರು ಹೇಳೋಕೆ ಮುಜುಗರ ಅಂತ ಬಹಳ ಜನ ತಾವೇ ಕಟ್ಟಿಬಿಡುತ್ತಾರೆ. ಮೊದಲ ಸಲ ಆದರೆ ಸರಿ ಅನ್ನಬಹುದು. ಎರಡನೇ ಸಲ ಹಾಗೆ ಮಾಡುವ ಮುಂಚೆ ಕೆಳಗೆ ಲೈಸೆನ್ಸ್ ಬಗ್ಗೆ ಬರೆದಿರುವುದನ್ನು ಓದಿ.

ಗಾಡಿ ಮಾರಿದ್ದೀರಿ, ಕೊಂಡವರು ಹೆಸರು ಬದಲಿಸಿಕೊಂಡಿಲ್ಲ ಅಂದರೆ ಮಾಲೀಕತ್ವ ವರ್ಗಾವಣೆಯ ಫಾರಂ 29, 30ರ ಪ್ರತಿ ಮತ್ತು ಗಾಡಿ ಕೊಟ್ಟ ದಿನಾಂಕದ ಪತ್ರ ತೋರಿಸಬೇಕಾಗುತ್ತದೆ.

ದಂಡ ಎಷ್ಟು? ಲೈಸೆನ್ಸ್‌ಗೆ ಏನಾದರೂ ತೊಂದರೆ ಇದೆಯಾ?

ಅತಿವೇಗಕ್ಕೆ ಶಿಕ್ಷೆ ಇರುವುದು ಸೆಕ್ಷನ್ 183ರಲ್ಲಿ. 2019ರ ತಿದ್ದುಪಡಿಯ ನಂತರ ಕಾರಿನಂಥ ಲಘು ವಾಹನಕ್ಕೆ 1,000ದಿಂದ 2,000 ರೂಪಾಯಿ. ಮಧ್ಯಮ ಮತ್ತು ಭಾರಿ ವಾಹನಗಳಿಗೆ 2,000ದಿಂದ 4,000. ಕೋರ್ಟಿಗೆ ಹೋಗದೆ ಕಟ್ಟಿ ಮುಗಿಸುವ ಮೊತ್ತವನ್ನು ಸೆಕ್ಷನ್ 200ರ ಅಡಿ ರಾಜ್ಯ ಸರ್ಕಾರ ನಿಗದಿ ಮಾಡುತ್ತದೆ.

ನಿಜವಾದ ಭಾರ ದುಡ್ಡಿನದಲ್ಲ. ಎರಡನೇ ಸಲ ಇದೇ ಅಪರಾಧ ಆದರೆ ಲೈಸೆನ್ಸ್ ವಶಪಡಿಸಿಕೊಳ್ಳಬೇಕು ಎಂದು ಅದೇ ಸೆಕ್ಷನ್ ಹೇಳುತ್ತದೆ. ಕೇಂದ್ರ ನಿಯಮ 21ರಲ್ಲಿ ಲೈಸೆನ್ಸ್ ಅಮಾನತು ಮಾಡಬಹುದಾದ ಕಾರಣಗಳ ಪಟ್ಟಿ ಇದೆ, ಅತಿವೇಗವೂ ಅದರಲ್ಲಿದೆ. ವಾರಕ್ಕೊಮ್ಮೆ ಗಾಡಿ ತೆಗೆಯುವವರಿಗೆ ಇದು ಕಿರಿಕಿರಿ ಅಷ್ಟೆ. ಕ್ಯಾಬ್, ಲಾರಿ, ಶಾಲಾ ವ್ಯಾನ್ ಓಡಿಸುವವರಿಗೆ ಲೈಸೆನ್ಸ್ ಅಂದರೆ ಮನೆಯ ಅಕ್ಕಿ. ತಪ್ಪು ಚಲನ್ ವಿರುದ್ಧ ಹೋರಾಡಲು ಅವರಿಗೇ ಎಲ್ಲರಿಗಿಂತ ಜಾಸ್ತಿ ಕಾರಣ ಇದೆ. ಆದರೆ ಒಂದು ದಿನದ ದುಡಿಮೆ ಬಿಟ್ಟು ಕೋರ್ಟಿಗೆ ಅಲೆಯಲು ಆಗದವರೂ ಅವರೇ. ಈ ಅನ್ಯಾಯ ನನ್ನನ್ನು ತುಂಬಾ ಕಾಡುತ್ತದೆ.

ಕಟ್ಟಿದ ಮೇಲೆ ಕೇಸ್ ಹಾಕಬಹುದಾ?

ಆಗುವುದಿಲ್ಲ ಅಂದುಕೊಂಡೇ ಹೊರಡಿ. ದಂಡ ಕಟ್ಟಿದರೆ ರಾಜಿಯಾದಂತೆ, ಪ್ರಕರಣ ಅಲ್ಲಿಗೆ ಮುಗಿಯಿತು. ಮೊದಲು ಕಟ್ಟಿಬಿಡೋಣ, ಆಮೇಲೆ ವಾಪಸ್ ಕೇಳೋಣ ಅನ್ನುವ ಲೆಕ್ಕಾಚಾರ ಬೇಡ.

ನೋಟಿಸ್ ತುಂಬಾ ತಡವಾಗಿ ಬಂತು. ಅದೇ ಒಂದು ವಾದ ಆಗುತ್ತಾ?

ಆಗುತ್ತದೆ. ಹೆಚ್ಚಿನವರಿಗೆ ಗೊತ್ತೇ ಇಲ್ಲದ ಸೆಕ್ಷನ್ 209 ಇರುವುದು ಇದಕ್ಕೇ. ಸೆಕ್ಷನ್ 183 (ಅತಿವೇಗ) ಅಥವಾ 184ರ (ಅಪಾಯಕಾರಿ ಚಾಲನೆ) ಅಡಿ ಶಿಕ್ಷೆ ಆಗಬೇಕಾದರೆ ಮೂರರಲ್ಲಿ ಒಂದಾದರೂ ನಡೆದಿರಬೇಕು. ಸ್ಥಳದಲ್ಲೇ ನಿಮ್ಮನ್ನು ನಿಲ್ಲಿಸಿ, ಕೇಸ್ ಹಾಕುವ ಬಗ್ಗೆ ಎಚ್ಚರಿಕೆ ಕೊಟ್ಟಿರಬೇಕು. ಇಲ್ಲವೇ ಘಟನೆ ನಡೆದ 14 ದಿನದೊಳಗೆ ನಿಮಗೋ ಆರ್‌ಸಿ ಮಾಲೀಕರಿಗೋ ನೋಟಿಸ್ ಕೈಗೆ ಮುಟ್ಟಿಸಿರಬೇಕು ಅಥವಾ ನೋಂದಾಯಿತ ಅಂಚೆಯಲ್ಲಿ ಕಳಿಸಿರಬೇಕು. ಅದೂ ಇಲ್ಲವೆಂದರೆ 28 ದಿನದೊಳಗೆ ಸಮನ್ಸ್ ಜಾರಿಯಾಗಿರಬೇಕು. ಇದರ ಜೊತೆಗೆ ನಿಯಮ 167ಎ ಕೂಡ ಕ್ಯಾಮೆರಾ ಚಲನ್‌ನ ನೋಟಿಸನ್ನು 15 ದಿನದೊಳಗೆ ಕಳಿಸಬೇಕು ಎನ್ನುತ್ತದೆ.

ಆದರೆ ಇದಕ್ಕೆ ವಿನಾಯಿತಿಯೂ ಇದೆ. ಮಾಲೀಕರ ಹೆಸರು, ವಿಳಾಸ ಎಷ್ಟು ಪ್ರಯತ್ನ ಪಟ್ಟರೂ ಸಮಯಕ್ಕೆ ಸಿಗಲಿಲ್ಲ ಎಂದೋ, ನಿಮ್ಮ ನಡೆಯಿಂದಲೇ ನೋಟಿಸ್ ತಲುಪಲಿಲ್ಲ ಎಂದೋ ಕೋರ್ಟಿಗೆ ಅನಿಸಿದರೆ ಈ ವಾದ ಬಿದ್ದುಹೋಗುತ್ತದೆ. ಮನೆ ಬದಲಿಸಿ ವರ್ಷಗಳಾದರೂ ಆರ್‌ಸಿಯಲ್ಲಿ ಹಳೆ ವಿಳಾಸ ಹಾಗೇ ಬಿಟ್ಟಿದ್ದರೆ ಇದರ ಮೇಲೆ ಜಾಸ್ತಿ ಭಾರ ಹಾಕಬೇಡಿ. ಲಕೋಟೆ ಬಂದರೆ ಎಸೆಯಬೇಡಿ. ಅದರ ಮೇಲಿನ ಅಂಚೆ ಮುದ್ರೆಯ ದಿನಾಂಕವೇ ನಿಮ್ಮ ಸಾಕ್ಷಿ. ಎಸ್‌ಎಂಎಸ್ ಬಂದ ದಿನದ ಸ್ಕ್ರೀನ್‌ಶಾಟ್ ಕೂಡ ಇಟ್ಟುಕೊಳ್ಳಿ.

ಇನ್ನೂ ಒಂದು ಗಡುವು ಇದೆ. ಬರೀ ದಂಡ ಮಾತ್ರ ಶಿಕ್ಷೆಯಾಗಿರುವ ಅಪರಾಧಕ್ಕೆ ಆರು ತಿಂಗಳೊಳಗೆ ಕೋರ್ಟಿನಲ್ಲಿ ಪ್ರಕರಣ ದಾಖಲಾಗಬೇಕು. ತಡವಾದುದಕ್ಕೆ ಸರಿಯಾದ ಕಾರಣ ಇದ್ದರೆ ಕೋರ್ಟು ಮನ್ನಿಸಬಹುದು. ಹಾಗಾಗಿ ವರ್ಷಗಟ್ಟಲೆ ಹಳೆಯ ಚಲನ್ ಸಮನ್ಸ್ ರೂಪದಲ್ಲಿ ಬಂದರೆ ವಕೀಲರಿಗೆ ಮೊದಲು ದಿನಾಂಕ ತೋರಿಸಿ.

ಯಂತ್ರ ತಪ್ಪು ವೇಗ ತೋರಿಸುತ್ತಾ?

ತೋರಿಸಬಹುದು. ಆದರೆ ಯಂತ್ರ ತಪ್ಪು ಅಂತ ಬಾಯಲ್ಲಿ ಹೇಳಿದರೆ ಯಾವ ಮ್ಯಾಜಿಸ್ಟ್ರೇಟರೂ ಒಪ್ಪುವುದಿಲ್ಲ. ಯಾವ ಯಂತ್ರ, ಅದು ಹೇಗೆ ಅಳೆಯುತ್ತದೆ, ಎಲ್ಲಿ ಎಡವುತ್ತದೆ ಅಂತ ಗೊತ್ತಿರಬೇಕು.

ರಾಡಾರ್ ಅಲೆ ಕಳಿಸಿ, ಗಾಡಿಗೆ ತಾಗಿ ಮರಳಿದ ಅಲೆಯ ಆವರ್ತನ ಎಷ್ಟು ಬದಲಾಯಿತು ಎಂದು ನೋಡುತ್ತದೆ. ಕೈಯಲ್ಲಿ ಹಿಡಿಯುವ ರಾಡಾರ್ ಗನ್ನಿನ ಅಲೆ ದೂರ ಹೋದಂತೆ ಅಗಲವಾಗುತ್ತದೆ. 12 ಡಿಗ್ರಿ ಹರಡುವ ಅಲೆ 100 ಮೀಟರ್ ದೂರದಲ್ಲಿ ಸುಮಾರು 21 ಮೀಟರ್ ಅಗಲ ಇರುತ್ತದೆ. ಇಡೀ ರಸ್ತೆಯೇ ಅದರೊಳಗೆ ಬಂತು! ಆಗ ಅದು ನಿಮ್ಮ ಸಣ್ಣ ಕಾರನ್ನು ಅಳೆಯಿತೋ ಹಿಂದಿದ್ದ ದೊಡ್ಡ ಲಾರಿಯನ್ನೋ ಎಂಬ ಪ್ರಶ್ನೆ ನ್ಯಾಯವಾದದ್ದು. ಲೇಸರ್ ಗನ್ ಹಾಗಲ್ಲ. 300 ಮೀಟರ್ ದೂರದಲ್ಲೂ ಅದರ ಕಿರಣ ಸುಮಾರು ಒಂದು ಮೀಟರ್ ಅಗಲ ಅಷ್ಟೆ. ಬೇರೆ ಗಾಡಿಯನ್ನು ಅಳೆದಿದ್ದಾರೆ ಎಂಬ ವಾದ ಅಲ್ಲಿ ಕಷ್ಟ.

ಕೋನದ ವಿಷಯ ಹಲವರು ತಪ್ಪು ತಿಳಿದಿದ್ದಾರೆ. ರಸ್ತೆ ಬದಿ ನಿಂತು ಓರೆಯಾಗಿ ಅಳೆದರೆ ವೇಗ ಜಾಸ್ತಿ ಬರುತ್ತದೆ ಅಂದುಕೊಳ್ಳುತ್ತಾರೆ. ನಿಂತು ಹಿಡಿದ ಗನ್ನಿನಲ್ಲಿ ಓರೆಯಾದಷ್ಟೂ ವೇಗ ಕಮ್ಮಿ ಬರುತ್ತದೆ, ಅದು ನಿಮಗೇ ಲಾಭ. ಕಂಬದ ಮೇಲೆ ಓರೆಯಾಗಿ ಕೂರಿಸಿದ ಕ್ಯಾಮೆರಾದ ಕಥೆ ಬೇರೆ. ಅದು ತನ್ನ ಕೋನವನ್ನು ಲೆಕ್ಕಕ್ಕೆ ಸೇರಿಸಿಕೊಂಡೇ ವೇಗ ಹೇಳುತ್ತದೆ. ಕಂಬ ವಾಲಿದರೆ ಲೆಕ್ಕ ಎರಡೂ ಕಡೆಗೆ ತಪ್ಪಬಹುದು. ಕಾಲಕಾಲಕ್ಕೆ ಪರೀಕ್ಷೆ ಮಾಡಿರಬೇಕು ಅನ್ನುವುದು ಇದಕ್ಕೇ.

ಇನ್ನೊಂದು ಬಗೆ, ಎರಡು ಕ್ಯಾಮೆರಾಗಳ ನಡುವಿನ ಸರಾಸರಿ ವೇಗ. 10 ಕಿ.ಮೀ. ದೂರವನ್ನು 6 ನಿಮಿಷದಲ್ಲಿ ಮುಗಿಸಿದರೆ ಗಂಟೆಗೆ 100 ಕಿ.ಮೀ. ಗಡಿಯಾರದಲ್ಲಿ 10 ಸೆಕೆಂಡ್ ವ್ಯತ್ಯಾಸ ಇದ್ದರೂ ಲೆಕ್ಕ 103ರ ಹತ್ತಿರ ಬರುತ್ತದೆ, ದೊಡ್ಡ ತಪ್ಪಲ್ಲ. ಅದೇ 10 ಸೆಕೆಂಡ್ 1 ಕಿ.ಮೀ. ದೂರದಲ್ಲಿ ತಪ್ಪಿದರೆ 100 ಹೋಗಿ 138 ಆಗುತ್ತದೆ. ಹಾಗಾಗಿ ಮೊದಲು ಕೇಳಿ: ಎಲ್ಲಿಂದ ಎಲ್ಲಿಗೆ ಅಳೆದಿದ್ದೀರಿ?

ಚಲನ್‌ನಲ್ಲಿ ಸಮಯದ ಸಮೇತ ಎರಡು ಫೋಟೋ ಇದ್ದರೆ ನೀವೇ ತಾಳೆ ನೋಡಬಹುದು. ಎರಡರ ನಡುವೆ ಅರ್ಧ ಸೆಕೆಂಡ್ ಇದೆ ಅನ್ನೋಣ. 82 ಕಿ.ಮೀ. ವೇಗದಲ್ಲಿ ಗಾಡಿ ಅಷ್ಟರಲ್ಲಿ 11.4 ಮೀಟರ್ ಮುಂದೆ ಹೋಗಬೇಕು, 60ರಲ್ಲಿ ಆದರೆ 8.3 ಮೀಟರ್. ರಸ್ತೆಯ ಬಿಳಿ ಪಟ್ಟಿಗಳನ್ನು ಗುರುತಿಟ್ಟು ಗಾಡಿ ಎಷ್ಟು ಸರಿದಿದೆ ನೋಡಿ. ಆಮೇಲೆ ಜಾಗಕ್ಕೆ ಹೋಗಿ, ಪಟ್ಟಿಯ ಉದ್ದ ಮತ್ತು ನಡುವಿನ ಖಾಲಿ ಜಾಗವನ್ನು ರಸ್ತೆ ಅಂಚಿನಲ್ಲಿ ನಿಂತು ಅಳೆಯಿರಿ. ಹೆದ್ದಾರಿಯ ಮಧ್ಯಕ್ಕೆ ಮಾತ್ರ ಇಳಿಯಬೇಡಿ. ಈ ಒಂದು ಲೆಕ್ಕ ಹತ್ತು ಮಾತಿಗಿಂತ ಗಟ್ಟಿ.

ಯಂತ್ರದ ದಾಖಲೆ ಕೇಳಿ ಪಡೆಯಬಹುದಾ?

ಪಡೆಯಬಹುದು. ನಿಯಮ 167ಎ ಪ್ರಕಾರ ಯಂತ್ರ ಸರಿಯಾಗಿದೆ ಎಂದು ರಾಜ್ಯ ಸರ್ಕಾರ ನೇಮಿಸಿದ ಪ್ರಾಧಿಕಾರದ ಪ್ರಮಾಣಪತ್ರ ಇರಬೇಕು, ಅದು ಪ್ರತಿ ವರ್ಷ ನವೀಕರಣ ಆಗಬೇಕು. ರಾಡಾರ್ ಯಂತ್ರಗಳಿಗೆ 2025ರ ಜುಲೈ 1ರಿಂದ ಕಾನೂನು ಮಾಪನ (ಅಳತೆ, ತೂಕದ ಸಾಧನಗಳಿಗೆ ಸಂಬಂಧಿಸಿದ) ನಿಯಮಗಳ ಅಡಿ ಪರಿಶೀಲನೆ ಮತ್ತು ಮುದ್ರೆ ಕೂಡ ಕಡ್ಡಾಯವಾಗಿದೆ. ನಿಮ್ಮ ಚಲನ್ ದಿನಾಂಕಕ್ಕೆ ಈ ಪ್ರಮಾಣಪತ್ರ ಚಾಲ್ತಿಯಲ್ಲಿತ್ತಾ ಎನ್ನುವುದೇ ಪ್ರಶ್ನೆ.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಹಾಗಾಗಿ ಸಿಟ್ಟು, ಕಥೆ ಎಲ್ಲ ಬಿಟ್ಟು ಇಂಥ ಜಾಗದ, ಇಂಥ ದಿನದ ಯಂತ್ರದ ಪ್ರಮಾಣಪತ್ರದ ಪ್ರತಿ ಕೊಡಿ ಎಂದಷ್ಟೇ ಬರೆಯಿರಿ. ಚಲನ್ ಬಂದ ವಾರದಲ್ಲೇ ಹಾಕಿದರೆ ಒಳ್ಳೆಯದು.

ನನ್ನ ಸ್ಪೀಡೋಮೀಟರ್ 58 ತೋರಿಸುತ್ತಿತ್ತು. ಇದು ಸಾಕ್ಷಿಯಾ?

ನೀವು ನೋಡಿದ್ದೀರಿ, ಬೇರೆ ಯಾರೂ ನೋಡಿಲ್ಲ. ಬರೀ ಮಾತಿನಿಂದ ಹೆಚ್ಚೇನೂ ಆಗುವುದಿಲ್ಲ. ಸಾಮಾನ್ಯವಾಗಿ ಸ್ಪೀಡೋಮೀಟರ್ ಇರುವ ವೇಗಕ್ಕಿಂತ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ ಎನ್ನುವುದು ನಿಜ. ಆದರೆ ದೊಡ್ಡ ಟೈರ್ ಹಾಕಿಸಿದ್ದರೆ ಉಲ್ಟಾ ಆಗುತ್ತದೆ, ಕಮ್ಮಿ ತೋರಿಸುತ್ತದೆ. ಡ್ಯಾಶ್‌ಕ್ಯಾಮ್‌ನಲ್ಲಿ ಜಿಪಿಎಸ್ ವೇಗ, ಸಮಯ ಎರಡೂ ದಾಖಲಾಗಿದ್ದರೆ ಅದಕ್ಕೆ ಬೆಲೆ ಇದೆ. ಮೆಮೊರಿ ಕಾರ್ಡ್ ಅವತ್ತೇ ತೆಗೆದಿಡಿ, ಹೊಸ ವಿಡಿಯೊ ಹಳೆಯದರ ಮೇಲೆ ಬರೆದುಕೊಳ್ಳುತ್ತಾ ಹೋಗುತ್ತದೆ. ಕ್ಯಾಬ್, ಲಾರಿಗಳ ಟ್ರ್ಯಾಕಿಂಗ್ ದಾಖಲೆಯೂ ಆಗುತ್ತದೆ.

ಪೊಲೀಸರು ಯಂತ್ರವೇ ಇಲ್ಲದೆ ನೋಡಿ ಅಂದಾಜಿನ ಮೇಲೆ ಬರೆದಿದ್ದಾರೆ.

ಸೆಕ್ಷನ್ 183(3) ನಿಮ್ಮ ಪರ ಇದೆ. ಯಾಂತ್ರಿಕ ಅಥವಾ ಎಲೆಕ್ಟ್ರಾನಿಕ್ ಸಾಧನದ ಆಧಾರ ಇಲ್ಲದೆ, ಒಬ್ಬನೇ ಸಾಕ್ಷಿಯ ಅಂದಾಜಿನ ಮೇಲೆ ಅತಿವೇಗಕ್ಕೆ ಶಿಕ್ಷೆ ಕೊಡುವಂತಿಲ್ಲ. ಇಂಥ ಚಲನ್ ಆಗಿದ್ದರೆ ಧೈರ್ಯವಾಗಿ ಹೋಗಿ.

ಅಲ್ಲಿ ವೇಗಮಿತಿಯ ಬೋರ್ಡೇ ಇರಲಿಲ್ಲ.

ಮಧ್ಯಮ ತೂಕದ ವಾದ. ಕ್ಯಾಮೆರಾ ಇರುವ ರಸ್ತೆಯಲ್ಲಿ ಮೊದಲೇ ಎಚ್ಚರಿಕೆ ಫಲಕ ಕಣ್ಣಿಗೆ ಕಾಣುವಂತೆ ಇರಬೇಕು ಎಂದು ನಿಯಮ 167ಎ ಹೇಳುತ್ತದೆ. ಮರದ ಕೊಂಬೆ ಮುಚ್ಚಿದ್ದರೆ, ಬೋರ್ಡ್ ಕಿತ್ತುಹೋಗಿದ್ದರೆ ಬೇಗ ಹೋಗಿ ವಿಡಿಯೊ ಮಾಡಿ. ಆದರೆ ಬೋರ್ಡ್ ಇಲ್ಲದ ಕಡೆಯೂ ಅಧಿಸೂಚನೆಯ ಮಿತಿ ಇರುತ್ತದೆ. ಬರೀ ಬೋರ್ಡ್ ಇರಲಿಲ್ಲ ಎಂಬ ಒಂದೇ ನೆಪದ ಮೇಲೆ ಕೋರ್ಟಿಗೆ ಹೋಗಿ ಅಂತ ನಾನು ಹೇಳಲಾರೆ.

ಕೋರ್ಟಿಗೆ ಹೋಗುವ ಮುಂಚೆ ಬೇರೆ ದಾರಿ ಇದೆಯಾ?

ಇದೆ, ಅದನ್ನೇ ಮೊದಲು ಮಾಡಿ. ಚಲನ್ ತಾಣದಲ್ಲೇ ಆಕ್ಷೇಪಣೆ ಸಲ್ಲಿಸುವ ಅವಕಾಶ ಇರುತ್ತದೆ, ಸಂಚಾರ ಪೊಲೀಸರಿಗೂ ಬರೆಯಬಹುದು. ಒಂದು ಪುಟ, ದಾಖಲೆ ಜೊತೆಗೆ, ಗೌರವದ ಭಾಷೆ. ಚಲನ್ ಮೇಲೆ ಬರೆದಿರುವ ಗಡುವು ಮೀರಬೇಡಿ. ನಿಯಮಗಳು ಆಗಾಗ ತಿದ್ದುಪಡಿ ಆಗುತ್ತವೆ, ಗೆಳೆಯರು ಹೇಳಿದ ದಿನಗಳ ಲೆಕ್ಕಕ್ಕಿಂತ ನಿಮ್ಮ ನೋಟಿಸಿನಲ್ಲಿ ಏನಿದೆಯೋ ಅದನ್ನೇ ಪಾಲಿಸಿ.

ಕೋರ್ಟಿನಲ್ಲಿ ಏನು ನಡೆಯುತ್ತದೆ?

ಈಗ ಹೆಚ್ಚಿನ ಕಡೆ ಪ್ರಕರಣ ಮೊದಲು ವರ್ಚುವಲ್ ಕೋರ್ಟಿಗೆ ಹೋಗುತ್ತದೆ. ಅಲ್ಲಿ ಎರಡು ಆಯ್ಕೆ: ಹೇಳಿದ ದಂಡ ಕಟ್ಟುವುದು, ಇಲ್ಲವೇ ಪ್ರಕರಣ ಎದುರಿಸುತ್ತೇನೆ ಎಂದು ಒತ್ತುವುದು. ಎರಡನೆಯದು ಒತ್ತಿದರೆ ಕಡತ ಆ ವ್ಯಾಪ್ತಿಯ ಮಾಮೂಲಿ ಕೋರ್ಟಿಗೆ ಹೋಗುತ್ತದೆ. ಬೆಂಗಳೂರಿನಲ್ಲಾದರೆ ಮೇಯೋ ಹಾಲ್‌ನಲ್ಲಿ ಸಂಚಾರ ನ್ಯಾಯಾಲಯಗಳಿವೆ.

ಮೊದಲ ದಿನ ತಪ್ಪು ಒಪ್ಪುತ್ತೀರಾ ಎಂದು ಕೇಳುತ್ತಾರೆ. ಸಾಲಿನಲ್ಲಿ ಮುಂದಿದ್ದವರೆಲ್ಲ ಒಪ್ಪಿ ಕಟ್ಟಿ ಹೋಗುತ್ತಿರುತ್ತಾರೆ. ಆ ಗಡಿಬಿಡಿಯಲ್ಲಿ ನೀವೂ ಹೂಂ ಅಂದುಬಿಟ್ಟರೆ ಅಲ್ಲಿಗೆ ಮುಗಿಯಿತು. ಒಪ್ಪುವುದಿಲ್ಲ ಸ್ವಾಮಿ, ನನ್ನ ವಾದ ಇದೆ ಎಂದು ಸ್ಪಷ್ಟವಾಗಿ ಹೇಳಿ. ಆಮೇಲೆ ವಾಯಿದೆ ಬೀಳುತ್ತದೆ, ಪೊಲೀಸರು ಸಾಕ್ಷ್ಯ ಕೊಡುತ್ತಾರೆ, ನಿಮ್ಮ ಕಡೆಯಿಂದ ಪಾಟಿ ಸವಾಲು. ತಪ್ಪು ಸಾಬೀತು ಮಾಡುವ ಹೊಣೆ ಅವರದು. ಸೋತರೆ ಮ್ಯಾಜಿಸ್ಟ್ರೇಟರು ಸೆಕ್ಷನ್‌ನ ಗರಿಷ್ಠ ಮೊತ್ತದವರೆಗೂ ದಂಡ ಹಾಕಬಹುದು. ಅಂದರೆ ಚಲನ್‌ನಲ್ಲಿ ಇದ್ದುದಕ್ಕಿಂತ ಜಾಸ್ತಿ ಆಗಬಹುದು ಎಂಬುದನ್ನು ಮೊದಲೇ ತಿಳಿದು ಹೋಗಿ.

ವಕೀಲರು ಬೇಕೇ ಬೇಕಾ?

ಕಡ್ಡಾಯ ಅಲ್ಲ. ತಪ್ಪು ನಂಬರ್, ತಪ್ಪು ಗಾಡಿಯಂಥ ಕೇಸಿನಲ್ಲಿ ಫೋಟೋ ತಾನೇ ಮಾತಾಡುತ್ತದೆ. ಸೆಕ್ಷನ್ 209, ಪ್ರಮಾಣಪತ್ರ, ಯಂತ್ರದ ಪರೀಕ್ಷೆ ಎಂದೆಲ್ಲ ವಾದಿಸಬೇಕಾದರೆ ವಕೀಲರು ಇದ್ದರೆ ಒಳ್ಳೆಯದು. ಫೀಸು ದಂಡಕ್ಕಿಂತ ಜಾಸ್ತಿಯೇ ಆಗುತ್ತದೆ. ಅದರ ಜೊತೆ ರಜೆ, ಓಡಾಟ ಸೇರಿಸಿ. ದುಡ್ಡಿನ ಲೆಕ್ಕದಲ್ಲಿ ಹೆಚ್ಚಿನ ಕೇಸುಗಳು ನಷ್ಟವೇ. ಲೈಸೆನ್ಸ್ ಕುತ್ತಿಗೆಗೆ ಬಂದಿದ್ದರೆ, ಅಥವಾ ಮಾಡದ ತಪ್ಪು ಹೆಸರಿಗೆ ಅಂಟಬಾರದು ಎಂಬ ಹಟ ಇದ್ದರೆ ಮಾತ್ರ ಖರ್ಚಿಗೆ ಅರ್ಥ ಇದೆ. ವಕೀಲರನ್ನು ಇಡಲು ಆಗದವರು ತಾಲ್ಲೂಕು ಅಥವಾ ಜಿಲ್ಲಾ ಕಾನೂನು ಸೇವೆಗಳ ಕಚೇರಿಯಲ್ಲಿ ವಿಚಾರಿಸಿ.

ಆಸ್ಪತ್ರೆಗೆ ಹೋಗುತ್ತಿದ್ದೆ. ಕೋರ್ಟು ಕೇಳುತ್ತಾ?

ಕೇಳುತ್ತದೆ. ದಾಖಲಾದ ಸಮಯ ಇರುವ ಆಸ್ಪತ್ರೆ ಚೀಟಿ ಇರಲಿ. ಅದು ಚಲನ್ ಸಮಯಕ್ಕೆ ಹೊಂದಬೇಕು. ಪೊಲೀಸರ ಹಂತದಲ್ಲೇ ಮೊದಲು ತೋರಿಸಿ.

130 ಮೀರಿದೆ ಅಂತ ಎಫ್‌ಐಆರ್ ಆಗಿದೆ. ಇದೂ ಹೀಗೇನಾ?

ಅಲ್ಲ. ಕರ್ನಾಟಕದಲ್ಲಿ 2024ರ ಆಗಸ್ಟ್ 1ರಿಂದ ಗಂಟೆಗೆ 130 ಕಿ.ಮೀ. ದಾಟಿದವರ ಮೇಲೆ ಅಜಾಗರೂಕ ಚಾಲನೆಯ ಎಫ್‌ಐಆರ್ ಹಾಕುವುದಾಗಿ ಪೊಲೀಸರು ಪ್ರಕಟಿಸಿದರು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿಗೆ ಮಿತಿ 100. ಆ ರಸ್ತೆಯಲ್ಲಿ ಹೋದ ಜೀವಗಳನ್ನು ನೆನೆದರೆ ಈ ಬಿಗಿ ಸರಿಯೇ ಎಂದು ನನಗನಿಸುತ್ತದೆ. ಇದು ಕ್ರಿಮಿನಲ್ ಕೇಸು, ಜೈಲಿನ ಅವಕಾಶವೂ ಇದೆ. ಮೊದಲ ದಿನವೇ ವಕೀಲರನ್ನು ಕಾಣಿ.

ಅರ್ಧ ದಂಡದ ರಿಯಾಯಿತಿ, ಲೋಕ ಅದಾಲತ್ ತನಕ ಕಾಯಲೇ?

ರಾಜ್ಯ ಸರ್ಕಾರ 2023ರ ಫೆಬ್ರವರಿಯಲ್ಲಿ, ಮತ್ತೆ 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಬಾಕಿ ದಂಡಕ್ಕೆ ಶೇ. 50 ರಿಯಾಯಿತಿ ಕೊಟ್ಟಿತ್ತು. ಮುಂದೆ ಬಂದರೂ ನಿಮ್ಮ ಚಲನ್‌ಗೆ ಅನ್ವಯಿಸುತ್ತದೆ ಎಂಬ ಖಾತ್ರಿ ಇಲ್ಲ. ಲೋಕ ಅದಾಲತ್ ಇರುವುದು ರಾಜಿಗೆ. ತಪ್ಪೇ ಮಾಡಿಲ್ಲ ಎನ್ನುವವರಿಗೆ ಅದು ಜಾಗವಲ್ಲ.

ಕಟ್ಟದೆ, ವಾದವೂ ಮಾಡದೆ ಸುಮ್ನೆ ಇದ್ದರೆ?

ಇದ್ದುದರಲ್ಲಿ ಕೆಟ್ಟ ಆಯ್ಕೆ ಇದು. ಗಾಡಿ ಮಾರುವಾಗ, ಹೆಸರು ವರ್ಗಾಯಿಸುವಾಗ ಬಾಕಿ ಚಲನ್ ಎದುರು ಬಂದು ನಿಲ್ಲುತ್ತದೆ. ಸಮನ್ಸ್ ಬಂದೂ ಹೋಗದಿದ್ದರೆ ವಾರಂಟ್ ತನಕ ಹೋಗಬಹುದು. ಅಷ್ಟರಲ್ಲಿ ಡ್ಯಾಶ್‌ಕ್ಯಾಮ್ ವಿಡಿಯೊ ಅಳಿಸಿಹೋಗಿರುತ್ತದೆ, ಬೋರ್ಡು ಹೊಸದು ಬಂದಿರುತ್ತದೆ.

ಕೇಸ್ ಗೆದ್ದೆ. ಇನ್ನೇನಾದರೂ ಮಾಡಬೇಕಾ?

ಆದೇಶದ ದೃಢೀಕೃತ ಪ್ರತಿ ತೆಗೆದುಕೊಳ್ಳಿ. ಕೆಲವು ವಾರ ಬಿಟ್ಟು ಚಲನ್ ತಾಣದಲ್ಲಿ ಗಾಡಿ ನಂಬರ್ ಹಾಕಿ ನೋಡಿ. ಇನ್ನೂ ಬಾಕಿ ಎಂದೇ ತೋರಿಸುತ್ತಿದ್ದರೆ ಆ ಪ್ರತಿಯನ್ನು ಚಲನ್ ಹಾಕಿದ ಸಂಚಾರ ಠಾಣೆಗೆ ಕೊಟ್ಟು, ತೆಗೆಸಿ, ಸ್ವೀಕೃತಿ ಪಡೆಯಿರಿ. ಒಂದು ಪ್ರತಿಯನ್ನು ಆರ್‌ಸಿ ಜೊತೆಗೇ ಇಟ್ಟುಕೊಳ್ಳಿ.